ಗುಡ್ಡದ ವಿಳಾಸ

ದೇಶದಲ್ಲಿ ಯಾವ ಪಳೆಯುಳಿಕೆ ಎಲ್ಲಿ ಸಿಕ್ಕಿತು ಎಂದು ಇಲಾಖೆಯ ಸಾರ್ವಜನಿಕ ಡೇಟಾಬೇಸಿಗೆ ಸೇರಿಸುವುದು ಶಶಿರೇಖಾಳ ಕೆಲಸ. ಅವಳು ಜಾಗದ ವಿಳಾಸ ಸೇರಿಸುವುದೇ ತಡ, ಕದ್ದು ಮಾರುವವರು ಹಾರೆ ಹಿಡಿದು ಅಲ್ಲಿಗೆ ಹೋಗಿರುತ್ತಿದ್ದರು. ಎಷ್ಟೋ ಜಾಗ ಹಾಗೇ ಬರಿದಾದವು.

ಈ ಸಲದ್ದು ಅವಳೇ ಹುಡುಕಿದ ಜಾಗ. ಗುಡ್ಡದ ತುಂಬ ಕಲ್ಲಾಗಿ ಹೋದ ಪುಟ್ಟ ಶಂಖಗಳು. ಅವಳು ಬೇಕೆಂದೇ ಪಕ್ಕದ ಬೋಳುಗುಡ್ಡದ ವಿಳಾಸ ಹಾಕಿದಳು. ಕಳ್ಳರು ಅಲ್ಲಿ ಅಗೆದು ಮಣ್ಣು ಮುಕ್ಕಲಿ.

ಮರುವರ್ಷ ಮೇಲಧಿಕಾರಿ ಕರೆದರು. "ನಿಮ್ಮ ಗುಡ್ಡ ಸಂರಕ್ಷಿತ ತಾಣ ಆಯ್ತು ಕಣ್ರೀ. ಸುತ್ತ ಗೋಡೆಯೂ ಎದ್ದಿದೆ. ಹೋಗಿ ನೋಡ್ಕೊಂಡು ಬನ್ನಿ."

ಹೋದಳು. ಬೋಳುಗುಡ್ಡದ ಸುತ್ತ ಆಳೆತ್ತರದ ಹೊಸ ಕಲ್ಲುಗೋಡೆ. ಒಳಗೆ ಕಾಯುವಂಥದ್ದು ಏನೂ ಇಲ್ಲವೆಂದು ಗೊತ್ತಿದ್ದವಳು ಅವಳೊಬ್ಬಳೇ. ನಗು ತಡೆಯಲಾಗಲಿಲ್ಲ.

"ಯಾಕ್ರೀ ಮೇಡಮ್ಮೋರ, ಗ್ವಾಡಿ ಸೊಟ್ಟ ಐತೇನ್ರಿ?" ಗುತ್ತಿಗೆದಾರ ಕೇಳಿದ.

"ಇಲ್ಲ, ಚೆನ್ನಾಗಿದೆ. ಈ ಗುಡ್ಡದ ಕಲ್ಲು ಮುಟ್ಟಿಲ್ಲ ತಾನೆ?"

"ಛೇ ಛೇ! ಒಂದ ಹರಳೂ ಮುಟ್ಟಿಲ್ರಿ. ಸರ್ಕಾರದ ಗುಡ್ಡ ಮುಟ್ಟಿ ನಾ ಜೇಲಿಗೆ ಹೋಗ್ಲೇನ್ರಿ?"

ಅವಳ ನಗು ನಿಂತಿತು. "ಮತ್ತೆ ಇಷ್ಟೊಂದು ಕಲ್ಲು ಎಲ್ಲಿಂದ ತಂದ್ರಿ?"

"ಬಾಜೂ ಗುಡ್ಡದ್ದರೀ. ಕಂಪ್ಯೂಟರ್‌ನ್ಯಾಗ ನೋಡಿ, ಅಲ್ಲೇನೂ ಇಲ್ಲ ಅಂತ ನಿಮ್ಮ ಆಫೀಸ್ನವ್ರೇ ಬರದ್ ಕೊಟ್ರು."

ಅವನು ಹೆಮ್ಮೆಯಿಂದ ಗೋಡೆಯನ್ನು ಸವರಿದ.

"ಅದನ್ನ ಪೂರಾ ಖಾಲಿ ಮಾಡಿದ್ವಿರಿ. ಭಾಳ ಚಂದ ಕಲ್ಲು, ಒಂದೊಂದ್ರಾಗೂ ಶಂಖದ ಡಿಸೈನ್ ಐತಿ ನೋಡ್ರಿ."