ಚೀಲದ ಅಂಕಲ್

"ಅಜ್ಜಿ, ಅಂಕಲ್ ಚೀಲ ಹೊತ್ಕೊಂಡು ಬಂದಿದ್ದಾರೆ" ಎಂದು ತನುಶ್ರೀ ಇಂಗ್ಲಿಷಿನಲ್ಲಿ ಕೂಗಿದ್ದೇ ತಡ, ಕಾಫಿಗೆ ಬಂದಿದ್ದ ಪಕ್ಕದ ಮನೆಯ ಮಿರ್ಲಾಂಡ್, ಮಗುವಿನ ಬಾಯಿಯನ್ನು ಅಂಗೈಯಿಂದ ಒತ್ತಿ, ಅವಳನ್ನು ಫ್ರಿಜ್ಜಿನ ಸಂದಿಗೆ ಎಳೆದುಕೊಂಡಳು.

"ನಮ್ಮ ರಮಾಕಾಂತ್, ಅಕ್ಕಿ ತಂದಿದ್ದಾರೆ ಅಷ್ಟೆ" ಎಂದರು ಅಜ್ಜಿ ವೇದಾ, ಗಾಬರಿಯಿಂದ ಚಿಲಕಕ್ಕೆ ಕೈಹಾಕುತ್ತಾ.

"ಬಾಗಿಲು ತೆಗೀಬೇಡ" ಎಂದಳು ಮಿರ್ಲಾಂಡ್. "ಹೈಟಿಯಲ್ಲಿ ಸರ್ವಾಧಿಕಾರಿಯ ಆಳುಗಳನ್ನ ನಾವು ಚೀಲದ ಅಂಕಲ್ ಅಂತಲೇ ಕರೀತಿದ್ವಿ. ಅಪ್ಪನನ್ನ ಎಳ್ಕೊಂಡು ಹೋಗುವಾಗ ಅಮ್ಮ ನನ್ನ ಬಾಯಿ ಹೀಗೇ ಮುಚ್ಚಿದ್ದಳು. ಅಪ್ಪ ಎಲ್ಲಿ ಅಂತ ಯಾರೂ ಕೇಳಬಾರದು ಅಂತ ಆಮೇಲೂ ಅವನ ಅಂಗಿ ಒಗೆದು ಹಗ್ಗಕ್ಕೆ ಹಾಕ್ತಿದ್ದಳು."

ಬಾಗಿಲಾಚೆ ರಮಾಕಾಂತ್ ನಕ್ಕರು. "ಆಂಟಿ, ರನ್‌ಕಾರ್ನ್‌ ಊರಿಗೆಲ್ಲ ಸೋನಾಮಸೂರಿ ಹೊತ್ತು ಸೊಂಟ ಬಿದ್ದುಹೋಯ್ತು. ಕಾಫಿನಾದ್ರೂ ಕೊಡಿ."

ಇನ್ನೂ ಮಗುವಿನ ಬಾಯಿ ಮುಚ್ಚಿ ಹಿಡಿದಿದ್ದ ಮಿರ್ಲಾಂಡಳನ್ನು ನೋಡಿ ವೇದಾ ಚಿಲಕದಿಂದ ಕೈ ತೆಗೆದರು. "ಅಲ್ಲೇ ಇಟ್ಟು ಹೊರಡಿ ರಮಾಕಾಂತ್. ಆಮೇಲೆ ಫೋನ್ ಮಾಡ್ತೀನಿ, ಬೇಜಾರು ಮಾಡ್ಕೋಬೇಡಿ."

ಕಾರಿನ ಸದ್ದು ಅಡಗಿದ ಮೇಲೆ ಮಿರ್ಲಾಂಡ್ ಕೈ ಸಡಿಲಿಸಿದಳು. ವೇದಾ ಅವಳನ್ನು ಕೂರಿಸಿ, ನೀರು ಕೊಟ್ಟು, ಮೊಮ್ಮಗಳನ್ನು ಕರೆದರು. ಪ್ರತಿ ಸಲವೂ ರಮಾಕಾಂತರ ಜೇಬಿಗೆ ತಾನೇ ಕೈಹಾಕಿ ಚಾಕೊಲೇಟ್ ತೆಗೆಯುತ್ತಿದ್ದ ಹುಡುಗಿ ಸಂದಿಯಿಂದ ಹೊರಗೆ ಬರಲಿಲ್ಲ.

"ಈಸ್ ಹೀ ಗಾನ್?" ಎಂದು ಪಿಸುಗುಟ್ಟಿದಳು.