ಹೇಳೋರು ಕೇಳೋರು

"ಏಯ್, ಇಳಿಯೇ ಕೆಳಗೆ!"

ನೀರಿನ ಟ್ಯಾಂಕಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹುಡುಗಿ ಬಗ್ಗಿ ನೋಡಿದಳು. ಹರಿದ ಹೊದಿಕೆಗಳನ್ನು ಹೊಲಿಯಲು ಅವತ್ತಷ್ಟೇ ಶಾಲೆಗೆ ಬಂದಿದ್ದ ದರ್ಜಿ ಹೆಂಗಸು, ತುಟಿಯಲ್ಲಿ ಕಚ್ಚಿಕೊಂಡಿದ್ದ ಸೂಜಿಯನ್ನು ಕೈಗೆ ತೆಗೆದುಕೊಂಡು ಏಣಿಯ ಬುಡದಲ್ಲಿ ನಿಂತಿದ್ದಳು.

ಹುಡುಗಿ ಬೆಳಗಿನಿಂದ ಅಲ್ಲೇ ಇದ್ದಳು. ಆ ದಾರಿಯಲ್ಲಿ ಹೋದ ಗಣಿತದ ಮೇಷ್ಟ್ರು ಕೈಬೀಸಿದ್ದರು. ಹೆಡ್ಮಾಸ್ಟರು, "ಮೇಲೆ ಗಾಳಿ ಚೆನ್ನಾಗಿದೆಯಾ?" ಎಂದು ಕೇಳಿ ಮುಂದೆ ಹೋಗಿದ್ದರು. ಪಾಠಕ್ಕೆ ಬರುವುದು ಬಿಡುವುದು ಮಕ್ಕಳ ಇಷ್ಟ. ಯಾರೂ ಯಾರಿಗೂ ಅಪ್ಪಣೆ ಕೊಡಬಾರದು ಎನ್ನುವುದೊಂದೇ ಆ ವಸತಿ ಶಾಲೆಯ ಕಟ್ಟಳೆ. ಉಳಿದ ಮಕ್ಕಳು ರಜೆಗೆ ಮನೆಗೆ ಹೋಗಿ, ಅಮ್ಮಂದಿರ ಬೈಗುಳವನ್ನು ಹೊತ್ತು ತಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ನಾಲ್ಕನೇ ವಯಸ್ಸಿಗೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡಿದ್ದ ಇವಳಿಗೆ ರಜೆಯಲ್ಲೂ ಶಾಲೆಯೇ ಮನೆ.

"ಬಿದ್ದು ಕೈಕಾಲು ಮುರ್ಕೊಂಡ್ರೆ ಏನ್ ಗತಿ? ನಿಂಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ಪ್ರಶ್ನೆ ಕೇಳಿದರೆ ಯೋಚಿಸಿ ನಿಜ ಹೇಳಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಹುಡುಗಿ ಯೋಚಿಸಿದಳು.

"ಇಲ್ಲ," ಅಂದಳು.

ಹೆಂಗಸು ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಏಣಿಯನ್ನು ಭದ್ರವಾಗಿ ಹಿಡಿದಳು.

"ಈಗ ನಾನ್ ಹೇಳ್ತಿದೀನಲ್ಲ. ಇಳಿ."

"ಇಳಿಯಲ್ಲ!"

ಶಾಲೆಗೆ ಬಂದ ಏಳು ವರ್ಷದಲ್ಲಿ ಆ ಮಾತು ಹೇಳುವ ಅವಕಾಶ ಹುಡುಗಿಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದಳು. ಹೇಳುತ್ತಲೇ ಅವಳ ಕಾಲು ಏಣಿಯ ಮೆಟ್ಟಿಲನ್ನು ಹುಡುಕುತ್ತಿತ್ತು.