ಸಾಫ್ಟ್‌ವೇರ್‌ನಲ್ಲಿ ಇಲ್ಲದ ಗೆರೆ

ಬಿಡುವಿದ್ದಾಗ ಓದಿ ಎಂದು ಹೇಳುವುದಿಲ್ಲ... ಈಗಲೇ ಓದಿ. ಓದಿದ ಮೇಲೆ ನಿಮಗೆ ಸ್ವಲ್ಪ ಸಿಟ್ಟು ಬಂದರೂ ನನಗೆ ಸಂತೋಷವೇ.

ಹುಬ್ಬಳ್ಳಿಯ ಒಂದು ಡಿಸೈನ್ ಆಫೀಸು. ಅಲ್ಲಿ ಮಧುಮತಿ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುತ್ತಿದ್ದಳು.

ಮಾತು ಕಡಿಮೆ... ಆದರೆ ಒಮ್ಮೆ 'ಇಲ್ಲ' ಅಂದಳೋ, ಬ್ರಹ್ಮ ಬಂದರೂ ಇಲ್ಲವೇ.

ಒಂದು ಸಲ ನೇಕಾರರ ಊರೊಂದರ ರಸ್ತೆ ಸುಧಾರಣೆಯ ನಕ್ಷೆ ಅವಳ ಕೈಗೆ ಬಂತು. ಸರ್ವೆ ಟೀಮ್ ಅಳತೆ ಮಾಡಿ ಕೊಟ್ಟಿತ್ತು.

ಅದರಲ್ಲಿ ಒಂದು ಅಗಲವಾದ ಓಣಿ... ಪೂರ್ತಿ ಖಾಲಿ. ಅಲ್ಲೇ ವಾಹನ ಪಾರ್ಕಿಂಗ್ ಎಂದು ಆಗಲೇ ತೀರ್ಮಾನವಾಗಿತ್ತು.

ಮನೆಗಳ ಹೊಸ್ತಿಲ ಎತ್ತರ ನೋಡಿಕೊಂಡು ಬರಲು ಮಧುಮತಿ ಒಂದು ಬೆಳಿಗ್ಗೆ ಆ ಊರಿಗೆ ಹೋದಳು. ನೋಡಿದರೆ ಓಣಿಯಲ್ಲಿ ಕಾಲಿಡಲು ಜಾಗವಿಲ್ಲ!

ಈ ತುದಿಯಿಂದ ಆ ತುದಿಯವರೆಗೆ ಹಾಸು ಹೂಡಿದ್ದರು. ಸೀರೆಯ ಉದ್ದನೆಯ ನೂಲುಗಳನ್ನು ಬಿಗಿಯಾಗಿ ಎಳೆದು, ಕತ್ತರಿಯಂತೆ ಕಟ್ಟಿದ ಕೋಲುಗಳ ಮೇಲೆ ನಿಲ್ಲಿಸಿ, ಮನೆಮಂದಿಯೆಲ್ಲ ಸೇರಿ ಗಂಜಿ ಹಚ್ಚುತ್ತಿದ್ದರು.

ಆ ಕೆಲಸ ಮನೆಯೊಳಗೆ ಆಗುವುದಿಲ್ಲ. ಓಣಿ ಹೋದರೆ ಮಗ್ಗ ನಿಲ್ಲುತ್ತದೆ... ಮಗ್ಗ ನಿಂತರೆ ಒಲೆಯೂ.

'ಇಷ್ಟು ದೊಡ್ಡದು ಸರ್ವೆ ಮಾಡಿದವರ ಕಣ್ಣಿಗೆ ಬೀಳಲಿಲ್ಲವೇ?' ಅವಳಿಗೆ ಅರ್ಥವಾಗಲಿಲ್ಲ. ಸೀದಾ ಆಫೀಸಿಗೆ ಬಂದು ಬಾಸ್ ಹಂಚಿನಾಳ ಸರ್ ಮುಂದೆ ನಿಂತಳು.

"ಸರ್, ಆ ಓಣಿಯೊಳಗ ಹಾಸು ತೋರಸಬೇಕ್ರಿ."

"ಯಾವ ಲೈನ್‌ಟೈಪ್‌ನಾಗ ತೋರಸ್ತಿ? ರೈಲು ಹಳಿಗೆ ಗೆರಿ ಐತಿ, ಗ್ಯಾಸ್ ಪೈಪಿಗೆ ಐತಿ, ತಂತಿಬೇಲಿಗೆ ಐತಿ. ನೇಕಾರರ ಹಾಸು ತೋರಸಾಕ ಯಾವ ಸಾಫ್ಟ್‌ವೇರ್‌ನಾಗೂ ಗೆರಿ ಇಲ್ಲ."

"ಇಲ್ಲಾಂದ್ರ ಮಾಡ್ತೀನ್ರಿ."

"ಅಷ್ಟು ಹಟ ಇದ್ರ ತುಂಡು ಗೆರಿ ಎಳಿ, ಮುಗೀತು."

"ನಮ್ಮ ಆಫೀಸಿನ್ಯಾಗ ತುಂಡು ಗೆರಿ ಹಾಕೋದು ಕೆಡವೂವಂಥಾದ್ದಕ್ಕ ಅಲ್ರೀ ಸರ್? ಅದನ್ನ ನಾ ಎಳ್ಯಂಗಿಲ್ರಿ."

ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಸರ್ ಒದೆಯಲಿಲ್ಲ, ಅಷ್ಟೇ ಪುಣ್ಯ...

"ಮೀಟಿಂಗ್‌ನಾಗ ಯಾರರ ಕೇಳಿದ್ರ ಉತ್ತರ ನೀನ ಕೊಡು. ಅವರು ಒಪ್ಪಲಿಲ್ಲಾಂದ್ರ ಮರುದಿನದಿಂದ ಆಫೀಸಿಗೆ ಬರಬ್ಯಾಡ" ಅಂದುಬಿಟ್ಟರು.

ಮಧುಮತಿ ಕುರ್ಚಿ ಎಳೆದುಕೊಂಡು ಕೂತಳು.

ಹೊಸ ಗೆರೆ ಮಾಡುವುದು ಎಂದರೆ ಕೈಯಲ್ಲಿ ಗೀಚುವುದಲ್ಲ. ಅಂಕಿಗಳಲ್ಲಿ ಬರೆಯಬೇಕು. ಪ್ಲಸ್ ಹಾಕಿದಷ್ಟು ಗೆರೆ, ಮೈನಸ್ ಹಾಕಿದಷ್ಟು ಖಾಲಿ. ನಡುವೆ ಚಿತ್ರ ಬೇಕೆಂದರೆ ಅದನ್ನು ಬೇರೆಯಾಗಿ ಮಾಡಿ ಸೇರಿಸಬೇಕು.

ಕತ್ತರಿ ಕೋಲಿನ ಚಿತ್ರ ಮಾಡಿ ಸೇರಿಸಿದಳು. ಮೊದಲ ಸಲ ಥೇಟ್ ತಂತಿಬೇಲಿಯಂತೆ ಕಂಡಿತು! ಅಳಿಸಿದಳು.

ಇನ್ನೊಮ್ಮೆ ಸ್ಕೇಲ್ ತಪ್ಪಿ ಎಲ್ಲ ಅಂಟಿಕೊಂಡು ಬರೀ ಕಪ್ಪು ಪಟ್ಟಿಯಾಯಿತು. ಪಕ್ಕದ ಟೇಬಲ್ಲಿನವರು ನಕ್ಕರು. ನಗಲಿ ಎಂದು ಮತ್ತೆ ಅಳಿಸಿದಳು.

ಕೊನೆಗೆ ಉದ್ದನೆಯ ಗೆರೆ... ಒಂದು ಕತ್ತರಿ ಕೋಲು... ಮತ್ತೆ ಉದ್ದನೆಯ ಗೆರೆ. ಓಣಿಯ ತುಂಬ ಹಾಸು ನಿಂತಿತು. ಹೊಸ ಗೆರೆಗೆ ಹೆಸರು ಕೇಳಿದ ಜಾಗದಲ್ಲಿ 'ಹಾಸು' ಎಂದೇ ಟೈಪ್ ಮಾಡಿದಳು.

ಪುರಸಭೆಯಲ್ಲಿ ಮೀಟಿಂಗ್. ಮುಂದೆ ಅಧಿಕಾರಿಗಳು, ಹಿಂದೆ ಊರಿನ ಜನ. ಗೋಡೆಯ ಮೇಲೆ ದೊಡ್ಡ ನಕ್ಷೆ.

ಮುಖ್ಯಾಧಿಕಾರಿ ಕಣ್ಣು ಕಿರಿದು ಮಾಡಿ, "ಇದೇನ್ರಿ ಹೊಸಾ ಗೆರಿ?" ಎಂದರು. ಹಂಚಿನಾಳ ಸರ್ ಸುಮ್ಮನೆ ಮಧುಮತಿಯತ್ತ ಕೈ ತೋರಿಸಿದರು.

ಅವಳು ಎಲ್ಲ ಹೇಳಿದಳು. ಅಧಿಕಾರಿ ಒಪ್ಪಲಿಲ್ಲ. ಸರ್ವೆ ದಿನದ ಫೋಟೋ ತೆಗೆದು ಪರದೆಯ ಮೇಲೆ ಹಾಕಿಸಿದರು.

"ನೋಡವಾ, ಓಣಿ ಖಾಲಿ ಐತಿ. ಒಂದು ಎಳಿ ನೂಲಿಲ್ಲ. ಇಲ್ಲದ್ದನ್ನ ಹೆಂಗ ಬರದಿ? ಅಳಸು."

ಹಂಚಿನಾಳ ಸರ್ ಕೂಡ "ಅಳಸು" ಎಂದು ಕಣ್ಣಲ್ಲೇ ಗದರಿದರು.

ಮಧುಮತಿ ನಕ್ಷೆಗೆ ಅಡ್ಡವಾಗಿ ನಿಂತಳು.

"ಅಳಸಂಗಿಲ್ರಿ ಸರ್. ನಾ ಕಣ್ಣಾರೆ ನೋಡೀನಿ. ನೌಕರಿ ಹೋದ್ರ ಹೋಗಲಿ."

ಆಗ ಹಿಂದಿನಿಂದ ಒಬ್ಬ ಮುದುಕಿ ಎದ್ದು ಬಂದಳು. ಹೆಸರು ತುಳಸವ್ವ. ಓದು ಬರಹ ಬಾರದವಳು. ನಕ್ಷೆಯ ಮೇಲೆ ಬೆರಳಾಡಿಸುತ್ತ ಬಂದು... ಆ ಗೆರೆಯ ಮೇಲೆ ನಿಲ್ಲಿಸಿದಳು.

"ಇದು ಹಾಸು! ಇದು ನಮ್ಮ ಓಣಿ..."

ಆಮೇಲೆ ಪರದೆಯ ಮೇಲಿನ ಫೋಟೋ ನೋಡಿದಳು.

"ಆ ದಿನ ನೆನಪೈತ್ರಿ ಸಾಹೇಬ್ರ. ಅಳತಿ ಮಾಡಾಕ ಬಂದವರಿಗೆ ಅಡ್ಡ ಆಗಬಾರದಂತ ಹಾಸು ಸುತ್ತಿ ಒಳಗಿಟ್ವಿ. ಮಕ್ಕಳನ್ನೂ ಒಳಗ ಕರಕೊಂಡ್ವಿ. ಕುಡಿಯಾಕ ಮಜ್ಜಿಗಿ ಕೊಟ್ವಿ..."

"ಬಂದವರಿಗೆ ನಾವು ದಾರಿ ಬಿಟ್ವಿ... ಅದಕ್ಕ ನೀವು ನಾವ ಇಲ್ಲಂತ ಬರಕೊಂಡ್ರೇನು?"

ಹಂಚಿನಾಳ ಸರ್ ತಲೆ ತಗ್ಗಿಸಿದರು. ಮಧುಮತಿಯ ಕಣ್ಣಲ್ಲಿ ನೀರು. ಇದನ್ನು ಕೇಳಿದಾಗ ನನಗೂ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮುಖ್ಯಾಧಿಕಾರಿ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. "ಪಾರ್ಕಿಂಗ್ ಬ್ಯಾರೆ ಕಡೆ ನೋಡ್ರಿ. ಆ ಗೆರಿ ಇರಲಿ" ಎಂದರು.

ತುಳಸವ್ವ ಕೈ ಮುಗಿಯುತ್ತಾಳೆ ಎಂದುಕೊಂಡಿದ್ದರು ಎಲ್ಲರೂ. ಅವಳು ಮುಗಿಯಲಿಲ್ಲ. ಮಧುಮತಿಯ ಕಡೆ ತಿರುಗಿದಳು.

"ಯವ್ವಾ, ನಿನ್ನ ಗೆರಿ ಗಿಡ್ಡ ಆಗೇತಿ. ನಮ್ಮ ಹಾಸು ಓಣಿ ದಾಟಿ ಬಾವಿ ಕಟ್ಟಿ ತನಕ ಬರತೈತಿ. ಉದ್ದ ಮಾಡು."

ಮಧುಮತಿ ಕಣ್ಣೊರೆಸಿಕೊಂಡಳು. ಯಾರ ಅನುಮತಿಯನ್ನೂ ಕೇಳದೆ, ಅಲ್ಲೇ ಲ್ಯಾಪ್‌ಟಾಪ್ ತೆರೆದು, ಗೆರೆಯನ್ನು ಬಾವಿ ಕಟ್ಟೆಯವರೆಗೆ ಎಳೆದಳು.

*

*ನೀವು ಮರ್ಯಾದೆಗೆ ಬಿಟ್ಟುಕೊಟ್ಟ ಜಾಗವನ್ನು ಲೋಕ 'ಖಾಲಿ' ಎಂದು ಬರೆದುಕೊಳ್ಳುತ್ತದೆ... ನಿಮ್ಮ ಗೆರೆ ಇಲ್ಲದಿದ್ದರೆ ನೀವೇ ಮಾಡಿ, ನೀವೇ ಎಳೆಯಿರಿ!*

ಹೇಳಿ... ಇವತ್ತು ನೀವು ಯಾರಿಗೆ ಅಡ್ಡವಾಗಬಾರದೆಂದು ನಿಮ್ಮ ಹಾಸನ್ನು ಸುತ್ತಿ ಒಳಗಿಟ್ಟುಕೊಂಡಿದ್ದೀರಿ?